ಡಾಕ್ಟರಿಗೆ ಸೆಲ್ಯೂಟ್ ಹೊಡೆಯಬೇಡ

ಯಪ್ಪಾ,

ಮೊದಲ ಬಸ್ಸಿಗೆ ವಕೀಲರ ಹತ್ತಿರ ಹೋಗುತ್ತಿದ್ದೇನೆ. ಹತ್ತಕ್ಕೆ ರಮಜಾನ ಗಾಡಿ ತರುತ್ತಾನೆ. ದಾರಿಯಲ್ಲಿ ಗಾಂಧಿ ಚೌಕದಲ್ಲಿ ನನ್ನನ್ನು ಹತ್ತಿಸಿಕೊಳ್ಳಿ. ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಟ್ಟಿದ್ದೇನೆ, ಚಮಚದಿಂದ ಉಣ್ಣು.

ಇವತ್ತು ಪಿಂಚಣಿ ಅಪೀಲಿನ ವೈದ್ಯಕೀಯ ತಪಾಸಣೆ. ಹೋದ ಸಲದಂತೆ ಮಾಡಬೇಡ. ಮಿಲಿಟರಿ ಡಾಕ್ಟರು ಬಂದಕೂಡಲೇ ನೀನು ಗೋಡೆ ಹಿಡಿದು ಎದ್ದು ಸೆಲ್ಯೂಟ್ ಹೊಡೆದೆ. "ಹ್ಯಾಂಗದೀರಿ ಹವಾಲ್ದಾರ್?" ಎಂದರೆ "ಏಕದಮ್ ಫಿಟ್ ಅದೀನ್ರಿ ಸಾಹೇಬ್ರ!" ಎಂದೆ. ಅವರು ಅದನ್ನೇ ಬರೆದುಕೊಂಡರು. ಸ್ನಾಯು ಸವೆಯುತ್ತಿರುವ ಮನುಷ್ಯನ ಅಂಗವಿಕಲ ಪಿಂಚಣಿ ತಿರಸ್ಕರಿಸಲು ಸರ್ಕಾರಕ್ಕೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ.

ಗಡಿ ಕಾಯ್ದವನು ಕುಳಿತು ಮಾತಾಡಿದರೆ ದೇಶವೇನು ಬಿದ್ದುಹೋಗುವುದಿಲ್ಲ. ಕುಳಿತೇ ಇರು. "ಕೈ ಎತ್ರಿ" ಎಂದರೆ ಎಷ್ಟು ಏಳುತ್ತದೋ ಅಷ್ಟೇ ಎತ್ತು. ಉಳಿದದ್ದಕ್ಕೆ "ಆಗೂದಿಲ್ರಿ" ಎನ್ನಬೇಕು. ಈ ಮಾತು ನಿನ್ನ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ರೂಢಿ ಮಾಡಿಕೋ.

ಮೀಸೆ ತಿದ್ದಬೇಡ. ಆಯಿತು, ತಿದ್ದಿಕೋ.

ಇಸ್ತ್ರಿ ಅಂಗಿ ಕುರ್ಚಿಯ ಮೇಲಿದೆ. ಗುಂಡಿ ಹಾಕೆಂದು ರಮಜಾನನಿಗೆ ಹೇಳಬೇಡ. ಒಳಗೆ ಬನಿಯನ್ ಇರುತ್ತದೆ, ಹಾಗೇ ಬಾ. ದಿನಾ ಮನೆಯಲ್ಲಿ ನಾನು ಹಾಕಿಕೊಡುವ ಗುಂಡಿಗಳನ್ನು ಇವತ್ತು ಡಾಕ್ಟರ ಮುಂದೆ ಹಾಕುತ್ತೇನೆ. ಅವರು ನೋಡಲಿ, ಅದನ್ನೂ ಬರೆದುಕೊಳ್ಳಲಿ.

ಸಪ್ನಾ