ಗಂಡಸರ ನಕ್ಷೆ, ಹೆಂಗಸರ ನಕ್ಷೆ

ಠಾಕುರ್ಲಿ
೧೬ ಫೆಬ್ರವರಿ ೨೦೨೫

ಯಜಮಾನ ಯಂಕಪ್ಪನವರಿಗೆ ನಿಮ್ಮ ಮರಗಮ್ಮನ ನಮಸ್ಕಾರ.

ಇಲ್ಲಿ ನಾನು ಕ್ಷೇಮ. ನೀವು ಭಿವಂಡಿಯಲ್ಲಿ ನಿಮ್ಮ ಅಣ್ಣನ ಖೋಲಿಯಲ್ಲಿ ಅಡಗಿ ಕೂತಿದ್ದೀರೆಂದು ಪಕ್ಕದ ಮನೆಯ ಜಟ್ಟೆಪ್ಪ ಹೇಳಿದ. ಬರೆಯಲು ಹದಿನೈದು ದಿನ ತಡವಾಯಿತು, ಸಿಟ್ಟಾಗಬೇಡಿ. ಫೋನ್ ಮಾಡಿದರೆ ಬೈದು ಕಟ್ ಮಾಡುತ್ತೀರಿ. ಕಾಗದಕ್ಕೆ ಆ ಆಟ ನಡೆಯುವುದಿಲ್ಲ.

ಕಾಲೇಜಿನ ಅಪರ್ಣಾ ಮೇಡಂ ನೆನಪಿದ್ದಾರಲ್ಲ? ಸಮುದ್ರದ ನೀರು ಒಳಬರುವ ಈ ಖಾಡಿ, ನಾಲೆ, ಹಸಿರು ಉಳಿಯಬೇಕಾದರೆ ಇಲ್ಲಿಯವರೇ ನಕ್ಷೆ ಬಿಡಿಸಬೇಕೆಂದು ಬಂದವರು. ಗಂಡಸರಿಗೊಂದು ದೊಡ್ಡ ಕಾಗದ, ಹೆಂಗಸರಿಗೊಂದು. ಮನೆಗೊಂದು ಚೌಕ, ಮನೆಯಲ್ಲಿರುವ ತಲೆಗೊಂದು ಹುಣಸೆ ಬೀಜ ಅಂಟಿಸಬೇಕು.

ನಿಮ್ಮದು ಮೊದಲು ಮುಗಿದು ಬಾಲವಾಡಿಯ ಗೋಡೆಗೆ ಬಂತು. ದಾರೂ ಅಂಗಡಿ ಇತ್ತು, ಕೇರಂ ಕಟ್ಟೆ ಇತ್ತು, ಕರಿನಾಯಿ ಮಲಗುವ ಕಂಬವೂ ಇತ್ತು. ಖಾಡಿಯ ದಂಡೆಗೆ ಹನ್ನೊಂದು ವರ್ಷದಿಂದ ನಾನು ಪುಂಡಿಪಲ್ಯ, ರಾಜಗಿರಿ ಬೆಳೆದ ತೋಟ ಮಾತ್ರ ಇರಲಿಲ್ಲ. ಅಲ್ಲಿ 'ಖಾಲಿ ಜಾಗ' ಎಂದು ಬರೆದಿದ್ದಿರಿ. ಮೇಡಂ ಕೇಳಿದ್ದಕ್ಕೆ, "ಅದು ಹೆಂಗಸರ ಟೈಂಪಾಸ್ ರೀ, ಜಾಗಾ ಖಾಲಿನೇ ಐತಿ" ಎಂದು ನಕ್ಕಿರಿ.

ನಾಲ್ಕೇ ದಿನಕ್ಕೆ ಗುತ್ತಿಗೆದಾರ ರಿತೇಶ್ ಶೇಟ್‌ನ ಡಂಪರ್ ಬಂದು ನನ್ನ ತೋಟದ ಮೇಲೆ ಒಡೆದ ಕಟ್ಟಡಗಳ ಮಲಬಾ ಸುರಿಯಿತು. "ಆನೇ ದೋ, ಆನೇ ದೋ" ಎಂದು ಕೈಬೀಸಿ ಕರೆಯುತ್ತಿದ್ದವರು ನೀವೇ. ನಾನು ಅಡ್ಡ ನಿಂತೆ. "ಸರಿ ಬಾಜೂ! ಶೇಟ್ ನನ್ನ ಸುಪರ್‌ವೈಸರ್ ಮಾಡ್ತಾನ. ಕಸಾ ಬೆಳಿಯಾಕಿ ನೀ ಏನ್ ಕೇಳ್ತಿ?" ಎಂದಿರಿ. ಅವತ್ತು ಅತ್ತೆ. ಆಮೇಲೆ ಅತ್ತಿಲ್ಲ.

ಹೆಂಗಸರ ನಕ್ಷೆ ಇನ್ನೂ ನಡೆದಿತ್ತಲ್ಲ! ಕೆಂಪು ಪೆನ್ನು ಹಿಡಿದೆ. ಡಂಪರ್ ಬರುವ ದಾರಿ, ಹೊತ್ತು, ನಂಬರು, ಎಲ್ಲ ಹಾಕಿದೆ. ಕರೆಯುವವನ ಹೆಸರನ್ನೂ ಬರೆಯಹೊರಟಾಗ ಜೊತೆಗೆ ಬಿಡಿಸುತ್ತಿದ್ದ ಸುಲೋಚನಾ ತನ್ನ ಬಾಯಿಯ ಮೇಲೆ ಕೈ ಇಟ್ಟಳು. "ಯವ್ವಾ, ಗಂಡನ ಹೆಸರ ಬರೀತಿಯೇನ?"

"ಗಂಡನ ಹೆಸರ ಹೇಳಬಾರದಂತ ಅದ. ಬರೀಬಾರದಂತ ಯಾರ ಹೇಳ್ಯಾರ?" ಎಂದೆ. ದಪ್ಪ ಅಕ್ಷರದಲ್ಲಿ ಬರೆದೆ.

ಎರಡನ್ನೂ ಅಕ್ಕಪಕ್ಕ ತೂಗುಹಾಕಿದ ದಿನ ಪಾಲಿಕೆಯ ಸಾಹೇಬರು ಬಂದು ನೋಡಿದರು. ಖಾಡಿಯ ದಂಡೆಗೆ ಮಲಬಾ ಸುರಿಯುವುದು ಅಪರಾಧವಂತೆ, ಮೂರನೇ ದಿನ ಡಂಪರ್ ಜಪ್ತಾಯಿತು, ನೀವು ಓಡಿದಿರಿ. ನಿಮ್ಮ ಶೇಟ್ "ಯಂಕಪ್ಪಾ? ಕೌನ್ ಹೈ ವೋ?" ಎಂದು ಕೈ ತೊಳೆದುಕೊಂಡ. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ನಿನ್ನೆ ಪೊಲೀಸರು ನಿಮ್ಮನ್ನು ಕೇಳಿಕೊಂಡು ಬಂದಿದ್ದರು. ಚಹಾ ಕೊಟ್ಟೆ. ಕಲ್ಯಾಣ ಸ್ಟೇಷನ್‌ನಿಂದ ನಿಮ್ಮ ಅಣ್ಣನ ಬಾಗಿಲ ತನಕ ಒಂದು ನಕ್ಷೆಯನ್ನೂ ಬಿಡಿಸಿಕೊಟ್ಟೆ. ಈಗ ಕೈ ಚೆನ್ನಾಗಿ ಕೂತಿದೆ. ಈ ಕಾಗದ ಮೊದಲು ಬರುತ್ತದೋ, ಅವರು ಮೊದಲೋ, ನೋಡೋಣ.

ದೇವರು ನಿಮಗೆ ಆಯುಷ್ಯ ಕೊಡಲಿ. ಆ ಮಲಬಾ ಎತ್ತಲು ಬಹಳ ದಿನ ಬೇಕು.

ಇಂತಿ,
ಕಸ ಬೆಳೆಯುವ ಮರಗಮ್ಮ

ತಾ.ಕ.: ಇಷ್ಟೆಲ್ಲ ತೋಟಕ್ಕಾಗಿ ಎಂದುಕೊಳ್ಳಬೇಡಿ. ಪುಂಡಿ ಮತ್ತೆ ಬಿತ್ತಿದರೆ ಬರುತ್ತದೆ. ನಿಮ್ಮ ನಕ್ಷೆಯಲ್ಲಿ ನಮ್ಮ ಖೋಲಿಯನ್ನೂ ಹುಡುಕಿದ್ದೆ. ಜಟ್ಟೆಪ್ಪ ತನ್ನ ಚೌಕದಲ್ಲಿ ಹೆಂಡತಿಗೆ, ತಾಯಿಗೆ, ಊರಿಗೆ ಹೋದ ಮಗಳಿಗೂ ಬೀಜ ಅಂಟಿಸಿದ್ದ. ನಮ್ಮ ಚೌಕದಲ್ಲಿ ನೀವು ಅಂಟಿಸಿದ್ದು ಒಂದೇ. ಹತ್ತೊಂಬತ್ತು ವರ್ಷ ನಿಮಗೆ ರೊಟ್ಟಿ ಬಡಿದವಳು ಎಲ್ಲಿದ್ದಳು? ಹೆಂಗಸರ ನಕ್ಷೆಯಲ್ಲಿ ನಾನು ಎರಡು ಅಂಟಿಸಿದ್ದೆ. ಇವತ್ತು ಹೋಗಿ ನಿಮ್ಮದನ್ನು ಉಗುರಿನಿಂದ ಕಿತ್ತೆ. ಈ ಲಕೋಟೆಯಲ್ಲಿದೆ, ಇಟ್ಟುಕೊಳ್ಳಿ.