ತೊಡೆಯ ಮೇಲಿಲ್ಲದ ಹೊಲಿಗೆ

ಅಡರಕಟ್ಟಿ

ಕುರಿ ಸಂಶೋಧನೆಯ ಡಾಕ್ಟರ್ ಮುತ್ತಣ್ಣ ಅವರಿಗೆ ನಾಟಕದ ರಾಜೇಸಾಬನ ಸಲಾಂ.

ಮೂವತ್ತು ವರ್ಷ ರಂಗದ ಮೇಲೆ ರಾಜನಾಗಿ ಗರ್ಜಿಸಿದವನು ನಾನು. ಈಗ ಮೆಲ್ಲಗೆ ಕೇಳುತ್ತಿದ್ದೇನೆ. ನಿಮ್ಮ ಪ್ರಯೋಗಕ್ಕೆಂದು ನಮ್ಮ ಗಬ್ಬದ ಕುರಿಯನ್ನು ಕೊಟ್ಟೆ. ಹೊಟ್ಟೆಯೊಳಗಿನ ಮರಿಯಲ್ಲಿ ರಕ್ತ ಹೇಗೆ ಹರಿಯುತ್ತದೆಂದು ನೋಡಲು, ಆ ಮರಿಯ ತೊಡೆಯ ರಕ್ತನಾಳಕ್ಕೆ ನೂಲಿನಂಥ ನಳಿಕೆ ತೂರಿಸಿ ಹೊಲಿಗೆ ಹಾಕಿದ್ದೇವೆ ಎಂದು ನೀವೇ ಹೇಳಿದಿರಿ. ಮೊನ್ನೆ ತಾಯಿ, ಮರಿ ಎರಡನ್ನೂ ತಂದುಬಿಟ್ಟಿರಿ.

ಕುರಿ ಮರಿಯನ್ನು ಮೂಸಿ ಒದೆಯುತ್ತಿದೆ. ನೆಕ್ಕಲೆಂದು ಮರಿಯ ಮೈಗೆ ಉಪ್ಪು ಸವರಿದೆವು. ಉಪ್ಪು ನೆಕ್ಕಿತು, ಮತ್ತೆ ಒದೆಯಿತು.

"ಔಷಧದ ವಾಸನಿಗೆ ಹಂಗ ಮಾಡತೈತಿ" ಎಂದೆ.

ನನ್ನ ಹೆಂಡತಿ ಅಲ್ಮಾಸಬಿ ನಕ್ಕಳು: "ನಾಟಕದಾಗ ಬ್ಯಾರೆಯವರ ಮಗನ್ನ ಅಪ್ಕೊಂಡು ಅಳಾವ್ರು ನೀವು. ಕುರಿಗೆ ಆ ಪಾರ್ಟ್ ಬರಂಗಿಲ್ರಿ. ಮೊದಲ ತೊಡಿ ನೋಡ್ರಿ."

ಮರಿಯ ಎರಡೂ ತೊಡೆ ಸವರಿ ನೋಡಿದೆ. ಹೊಲಿಗೆಯಿಲ್ಲ, ಗಾಯದ ಗೆರೆಯೂ ಇಲ್ಲ. ಇದು ನಮ್ಮ ಕುರಿಯ ಮರಿಯಲ್ಲ.

ನಮ್ಮ ಮರಿ ಸತ್ತಿದ್ದರೆ ಸತ್ತಿತೆಂದು ಬರೆಯಿರಿ, ಜಗಳಕ್ಕೆ ಬರುವುದಿಲ್ಲ. ಆದರೆ ಈ ಮರಿ ನಿನ್ನೆಯಿಂದ ಬಾಟಲಿ ಹಾಲೂ ಮುಟ್ಟಿಲ್ಲ. ಇದಕ್ಕಾಗಿ ಕೆಚ್ಚಲು ಬಿಗಿದು ಅರಚುವ ತಾಯಿ ನಿಮ್ಮ ದೊಡ್ಡಿಯಲ್ಲಿದ್ದರೆ, ಈ ಪತ್ರ ತಂದ ಗಾಡಿಯಲ್ಲೇ ಅದನ್ನು ಕಳುಹಿಸಿ.

ಬಾಗಿಲಲ್ಲೇ ನಿಂತಿರುವ,
ರಾಜೇಸಾಬ