ಈ ವರ್ಷದ ಗೇಮ್‌ನಲ್ಲಿ ಹುಡುಗೀರಿದ್ದಾರೆ

ಹನುಮಂತನಗರ,
ಭಾನುವಾರ ಬೆಳಿಗ್ಗೆ

ಲೇ ಅರ್ಪಿತ,

ಕಾಗದ ಬಂತು ಅಂತ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಮೂರು ವಾರದಿಂದ ಫೋನಿನಲ್ಲಿ ನಿನಗೆ ಉತ್ತರ ಬರೀತೀನಿ, ಅಳಿಸ್ತೀನಿ. ಸಾಕಾಗಿಹೋಯ್ತು. ಇಲ್ಲಿ ಹೊಡೆದುಹಾಕಿದ್ರೂ ಗೀಟು ಕಾಣುತ್ತಲ್ಲ, ಅದಕ್ಕೇ ಪೆನ್ನು ಹಿಡಿದೆ.

"ಹೊಸ ಗೇಮಲ್ಲಿ ಹುಡುಗೀರು ಬಂದವ್ರೆ ಕಣೇ ಹಂಸಾ! ನಮ್ಮ ಆಟಗಾರರನ್ನ ನಾವೇ ಮಾಡ್ಕೊಳ್ಳೋ ಕೆರಿಯರ್ ಮೋಡ್‌ನಲ್ಲೂ! ಒಂದಿನ ಬರ್ಲಾ?" ಅಂತ ಕಳಿಸಿದ್ದೆಯಲ್ಲ, ಅದನ್ನ ಎಷ್ಟು ಸಲ ಓದಿದೆನೋ. ಸೆಪ್ಟೆಂಬರ್ ಬಂತು ಅಂದ್ರೆ ಆ ಫುಟ್‌ಬಾಲ್ ಗೇಮ್ ಹೊಸದು ಬರುತ್ತೆ, ಅದರ ಹಿಂದೆಯೇ ನಿನ್ನ ಮೆಸೇಜೂ ಬರುತ್ತೆ. ಏಳು ವರ್ಷದಿಂದ ನಾನು "ತುಂಬಾ ಕೆಲಸ ಕಣೇ" ಅಂತ ಒಂದೇ ರಾಗ ಎಳೀತಿದ್ದೀನಿ. ನೀನಿರೋ ಬಿಟಿಎಂ ಲೇಔಟ್ ಏನು ಬೇರೆ ದೇಶವಾ? ಇಲ್ಲಿಂದ ಮುಕ್ಕಾಲು ಗಂಟೆ.

ಕಾಲೇಜು ಬಿಟ್ಟ ಮೇಲೆ ನೀನು ತಲಘಟ್ಟಪುರದ ಬಸ್ ಹತ್ತದೆ ಸೀದಾ ನಮ್ಮನೆಗೆ ಬರ್ತಿದ್ದೆ. ನಮ್ಮಣ್ಣ ವಿಶ್ರುತ್ ಆಫೀಸಿಂದ ಬರೋವರೆಗೂ ಅವನ ಗೇಮ್ ನಮ್ಮದು. ನಮಗೆ ಬೇಕಾದ ಆಟಗಾರನನ್ನ ನಾವೇ ಮಾಡ್ಕೋಬಹುದಿತ್ತು, ಆದ್ರೆ ಗಂಡಸೇ ಆಗಬೇಕಿತ್ತು. ನೀನು ಗಡ್ಡ ತೆಗೆದು, ಕೂದಲು ಉದ್ದ ಬಿಟ್ಟು, "ಅರ್ಪಿತ್ ತಿಮ್ಮರಾಯಪ್ಪ" ಅಂತ ನಿಮ್ಮಪ್ಪನ ಹೆಸರನ್ನೂ ಸೇರಿಸಿ ಎಂಟನೇ ನಂಬರ್ ಕೊಟ್ಟಿದ್ದೆ. "ನೋಡೇ, ಥೇಟ್ ನಮ್ಮ ಚಿಕ್ಕಪ್ಪ ಆಗ್ಬಿಟ್ಟ!" ಅಂತ ಬಿದ್ದು ಬಿದ್ದು ನಕ್ಕಿದ್ದೆ. ನಮ್ಮಮ್ಮ "ಏನ್ರೇ ಅದು, ಬೀದಿಗೆಲ್ಲ ಕೇಳ್ಸುತ್ತೆ" ಅಂತ ಬೈತಾನೇ ಇಬ್ಬರಿಗೂ ಅವಲಕ್ಕಿ ತಂದಿಡ್ತಿದ್ದರು.

ಮೊನ್ನೆ ಕೊನೆಗೂ ಹೊಸದನ್ನ ಹಾಕಿಸಿದೆ. ಸಖತ್ತಾಗಿದೆ ಕಣೇ. ಮಳೆ ಬಂದ್ರೆ ಚೆಂಡು ಜಾರುತ್ತೆ. ಓಡಿಸಿ ಓಡಿಸಿ ಸುಸ್ತು ಮಾಡಿದ್ರೆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ತಾಳೆ, ನೀನು ನಿಲ್ತಿದ್ದ ಹಾಗೇ. ನಿನ್ನನ್ನ ಮಾಡೋಕೆ ಕೂತೆ. ಎತ್ತರ ಐದಡಿ ಮೂರಿಂಚು, ಎಡಗಾಲು, ಓಟಕ್ಕೆ ಎಷ್ಟು ಕೊಡಬಹುದೋ ಅಷ್ಟೂ. ಹೆಸರು ಅರ್ಪಿತ, ಎಲ್ಲೂ ಕತ್ತರಿಸದೆ. ಅವಳು ಮೈದಾನಕ್ಕೆ ಓಡಿ ಬಂದಳು ನೋಡು, ಕಂಟ್ರೋಲರ್ ಕೆಳಗಿಟ್ಟು ಗೊಳೋ ಅಂತ ಅತ್ತುಬಿಟ್ಟೆ. ನಿನ್ನನ್ನ ನೋಡ್ಬೇಕು ಅಂತ ಅಷ್ಟು ಅನ್ನಿಸ್ತು.

ಆದ್ರೆ ಅದಕ್ಕೆ ಮೊದಲು ಇದು ನಿನಗೆ ಗೊತ್ತಾಗಬೇಕು. ಆ ಫುಟ್‌ಬಾಲ್ ಟ್ರಯಲ್ಸ್ ದಿನ ನನ್ನ ಗಾಡಿ ಪಂಕ್ಚರ್ ಆಗಿರ್ಲಿಲ್ಲ.

ಜಯನಗರದ ಆ ಕ್ಲಬ್‌ನವರು ನಮ್ಮ ಕಾಲೇಜು ಟೀಮಿಂದ ನಿನ್ನೊಬ್ಬಳನ್ನೇ ಆಯ್ಕೆಗೆ ಕರೆದಿದ್ದರು. ನೀನು ಮನೇಲಿ ಹೇಳದೆ ಬೆಳಿಗ್ಗೆ ಆರಕ್ಕೆ ಬಸ್‌ಸ್ಟಾಪಿಗೆ ಬರೋದು, ನಾನು ಸ್ಕೂಟರ್ ತರೋದು ಅಂತ ಮಾತಾಗಿತ್ತು. ಕವರಿನಲ್ಲಿ ಸುತ್ತಿಟ್ಟ ಶೂಸ್ ನಿಮ್ಮಮ್ಮನ ಕಣ್ಣಿಗೆ ಬಿತ್ತು. ಹಿಂದಿನ ಸಂಜೆ ನನಗೆ ಫೋನ್ ಮಾಡಿದ್ರು. "ನಾಳೆ ಗಂಡಿನ ಕಡೆಯೋರು ಬತ್ತಾವ್ರೆ ಕಣವ್ವ. ನೀನು ಗಾಡಿ ತಂದ್ರೆ ಅವಳು ನಿಲ್ಲಾಕಿಲ್ಲ. ಕೈ ಮುಗೀತೀನಿ, ಬರ್ಬೇಡ." ನಾನು "ಆಯ್ತು ಆಂಟಿ" ಅಂದೆ. ಫೋನ್ ಆಫ್ ಮಾಡಿದೆ. ಬಸ್ಸುಗಳು ಕಣ್ಣೆದುರೇ ಹೋಗ್ತಿದ್ರೂ, ಹಂಸಾ ಬಂದೇ ಬರ್ತಾಳೆ ಅಂತ ನೀನು ಎಂಟೂವರೆವರೆಗೂ ನಿಂತಿದ್ದೆ. ಕೊನೆಗೆ ನಿಮ್ಮಪ್ಪ ಬೈಕಲ್ಲಿ ಬಂದು ಕರ್ಕೊಂಡು ಹೋದರು. ಮೂರು ತಿಂಗಳಿಗೆ ಮದುವೆ. ನಾನು ಪಂಕ್ಚರ್ ಕಥೆ ಕಟ್ಟಿದಾಗ ನನ್ನ ಕೈ ಹಿಡ್ಕೊಂಡು "ಹೋಗ್ಲಿ ಬಿಡೇ, ನೀನೇನ್ ಮಾಡ್ತೀಯ ಪಾಪ" ಅಂದೆಯಲ್ಲ, ಆಮೇಲೆ ನಿನ್ನ ಮುಖ ನೋಡೋಕೆ ನನಗಾಗಲಿಲ್ಲ.

ಎಲ್ಲಾ ನಿಮ್ಮಮ್ಮನ ತಲೆಗೆ ಕಟ್ಟಿ ಕೈ ತೊಳ್ಕೊಳ್ಳಲ್ಲ. ಅವರು ಫೋನ್ ಮಾಡದಿದ್ರೂ ಬರ್ತಿದ್ನೋ ಇಲ್ವೋ, ದೇವರಾಣೆ ಗೊತ್ತಿಲ್ಲ. ನಾನೂ ಕಾಲೇಜಿನ ಅದೇ ಮೈದಾನದಲ್ಲಿ ನಿನ್ನ ಜೊತೆ ಮೂರು ವರ್ಷ ಮಂಡಿ ತರಚಿಕೊಂಡಿದ್ದೆ, ನನ್ನನ್ನ ಕರೀಲಿಲ್ಲ. ಹೊಟ್ಟೆ ಉರೀತಿತ್ತು ಕಣೇ. ಇವತ್ತು ನಿನ್ನ ದಿನೇಶ್ ಒಳ್ಳೆಯವರು, ಇಬ್ಬರೂ ಸೇರಿ ಪಿಜಿ ಚೆನ್ನಾಗಿ ನಡೆಸ್ತಿದ್ದೀರ ಅಂತ ಫೋಟೋ ನೋಡಿ ಸಮಾಧಾನ ಮಾಡ್ಕೊಳ್ಳೋಕೆ ಹೋಗ್ತೀನಿ. ಆಗಲ್ಲ.

ಇದನ್ನ ಓದಿದ ಮೇಲೂ ಬರ್ಬೇಕು ಅನ್ನಿಸಿದ್ರೆ ಬಾ, ಮುಂದಿನ ಭಾನುವಾರ ಮನೇಲೇ ಇರ್ತೀನಿ. ಅನ್ನಿಸದಿದ್ರೆ ಯಾಕೆ ಅಂತ ಕೇಳಲ್ಲ. ಒಂದು ಮಾತ್ರ ಹೇಳಿಬಿಡ್ತೀನಿ. ಹೋಗಿದ್ರೂ ಅವಳೇನು ಸೆಲೆಕ್ಟ್ ಆಗ್ತಿರ್ಲಿಲ್ಲ ಬಿಡು ಅಂತ ಏಳು ವರ್ಷ ನನಗೆ ನಾನೇ ಹೇಳ್ಕೊಂಡು ಬಂದೆ. ಆಗ್ತಿದ್ದೆ ಅರ್ಪಿತ. ಅದು ನನಗೆ ಅವತ್ತೇ ಗೊತ್ತಿತ್ತು.

ಎಲ್ಲಿದ್ರೂ ತಣ್ಣಗಿರು. ಬೈಯೋದಾದ್ರೂ ಎದುರಿಗೆ ಬಂದು ಬೈ.

ನಿನ್ನ
ಹಂಸಾ